60 ಕೆಜಿಗೆ ನಿಂತ ಬೆಂಚ್ ಪ್ರೆಸ್, ಭುಜದ ಮುಂದ ನೋವು: ಭಾರ ಎತ್ತೂದು ಖರೇನ ಬೇಕೇನ್ರಿ?

ಸಾಧನಕೇರಿ_68

ಎಲ್ಲಾರಿಗೂ ನಮಸ್ಕಾರ್ರಿ. ಧಾರವಾಡದಿಂದ ಬರೀತಿದ್ದೀನಿ. ವಯಸ್ಸು 24, ತೂಕ 68 ಕೆಜಿ, ಎತ್ತರ 5 ಅಡಿ 7 ಇಂಚು, ಜಿಮ್ಮಿಗೆ ಹೋಗ್ಲಿಕ್ಕೆ ಹತ್ತಿ 7 ತಿಂಗಳು. ವಾರಕ್ಕ ಒಂದ ಸಲ, ಸೋಮವಾರ, ಫ್ಲಾಟ್ ಬೆಂಚ್ ಪ್ರೆಸ್, ಅಂದ್ರ ಸಪಾಟ ಬೆಂಚಿನ ಮ್ಯಾಲ ಮಲಗಿ ರಾಡ್ ಎದಿಗೆ ಇಳಿಸಿ ಮ್ಯಾಲ ದೂಡೂದು. 60 ಕೆಜಿ ಒಂದು ಸಲ ಏಳ್ತದ, 55 ಮೂರು ಸಲ. ಎರಡು ತಿಂಗಳಾತು, ಅದಕ್ಕಿಂತ ಮ್ಯಾಲ ಹೋಗವಲ್ದು. 65 ಹಾಕಿದ್ರ ಎದಿ ಮ್ಯಾಲಿಂದ ನಾಲ್ಕು ಬೆರಳು ಎದ್ದು ಅಲ್ಲೇ ನಿಲ್ತದ.

ರಾಡ್ ಎದಿಗೆ ಮುಟ್ಟೂ ಹೊತ್ತಿಗೆ ಬಲಭುಜದ ಮುಂದಿನ ಭಾಗ ಚುಚ್ಚಿದಂಗ ಆಗ್ತದ, ಬುಧವಾರದ ತನಕ ಇರ್ತದ. ರಾಡ್ ಮುಟ್ಟೂದು ಕಾಲರ್ ಎಲುಬಿನಿಂದ ಸ್ವಲ್ಪ ಕೆಳಗ, ಮೊಣಕೈ ಪೂರಾ ಅಗಲ. ಹೆಬ್ಬೆರಳು ಸುತ್ತೂದಿಲ್ಲ, ನಾಲ್ಕೂ ಬೆರಳಿನ ಬಾಜೂಕ ಇಡ್ತೀನಿ. ಬೆಂಚ್ ಹಳೆ ರೆಕ್ಸಿನ್‌ದು, ಬಾಜೂಕ ರಾಡ್ ಬಿದ್ರ ತಡೆಯೂ ಕಬ್ಬಿಣದ ಅಡ್ಡಪಟ್ಟಿ (ಸೇಫ್ಟಿ ಪಿನ್) ಇಲ್ಲ. ಸಣ್ಣ ಪ್ಲೇಟ್ ಅಂದ್ರ ಎರಡೂವರಿ ಕೆಜಿ. ಮುಂಜಾನೆ ಐದೂವರಿಗೆ ಹೋಗೂದ್ರಿಂದ ಸಪೋರ್ಟ್ ಕೊಡವ್ರು ಭಾಳ ಸಲ ಇರೂದಿಲ್ಲ.

ಕೇಳೂದು ಎರಡು. ಎಲ್ಲಿ ತಪ್ಪಲಿಕ್ಕೆ ಹತ್ತೇದ? ಇನ್ನೊಂದು, ಗರಡಿಗೆ ಹೋಗೂ ಹಿರಿಯರು "ದಂಡ, ಬಸ್ಕಿ ಸಾಕು, ರಾಡ್ ಎತ್ತಿದ್ರ ಮೈ ಬಿರುಸಾಗ್ತದ" ಅಂತಾರ. ಸ್ಪರ್ಧೆಗೆ ಹೋಗದವರಿಗೂ ಹಿಂಗ ಭಾರ ಎತ್ತೂದ್ರಿಂದ ಉಪಯೋಗ ಅದ ಏನು? 30 ಕೆಜಿ ಇಪ್ಪತ್ತು ಸಲ ಎತ್ತಿದ್ರ ನಡೆಯೂದಿಲ್ಲೇನು?

ಉಣಕಲ್_ರಾಡ್

ಮೊದಲು ಒಂದು ಕೆಲಸ ಮಾಡ್ರಿ. ಆ ರಾಡ್ ತೂಕ ಮಾಡ್ರಿ. ನಮ್ಮ ಕಡೆ ಸಣ್ಣ ಜಿಮ್ಮಿನಾಗ "ರಾಡ್ 20" ಅಂತ ಲೆಕ್ಕ ಹಿಡೀತಾರ, ಆದ್ರ 20 ಕೆಜಿ ಇರೂದು ಪ್ಲೇಟ್ ಕೂಡೂ ತುದಿ 50 ಮಿಲಿಮೀಟರ್ ದಪ್ಪ ಇದ್ದು ಅದು ತಿರುಗೂ ಒಲಿಂಪಿಕ್ ಬಾರ್ ಮಾತ್ರ. ತುದಿತನಕ ಒಂದ ದಪ್ಪ ಇರೂ ಗಟ್ಟಿ ಕಬ್ಬಿಣದ ರಾಡ್ ಅಷ್ಟು ತೂಗೂದಿಲ್ಲ. ಮನಿ ಕಟ್ಟವ್ರು ಸರಳಿಗೆ ಹಚ್ಚೂ ಲೆಕ್ಕ ಇದಕ್ಕೂ ನಡೀತೈತಿ: ವ್ಯಾಸ ಮಿಲಿಮೀಟರಿನಾಗ ತಗೊಂಡು, ಅದರ ವರ್ಗವನ್ನ 162ರಿಂದ ಭಾಗಿಸ್ರಿ, ಮೀಟರಿಗೆ ಎಷ್ಟು ಕೆಜಿ ಅಂತ ಬರ್ತೈತಿ. 25 ಮಿಮೀ ರಾಡ್ 7 ಅಡಿ ಇದ್ರ 8.2 ಕೆಜಿ, 28 ಮಿಮೀ ಇದ್ರ 10.3. ಪ್ಲೇಟ್ ಮ್ಯಾಲಿನ ಅಂಕಿನೂ ನಂಬಬ್ಯಾಡ್ರಿ. ಎರಕದ ಪ್ಲೇಟ್ 20 ಅಂತ ಬರ್ದಿದ್ರೂ ಒಂದು ಕಿಲೋ ಆಚೆ ಈಚೆ ಇರ್ತೈತಿ. ಒಮ್ಮೆ ಕಾಟಾಕ್ಕ ಹಾಕಿ, ಚಾಕ್‌ಪೀಸ್‌ನಿಂದ ಅದರ ಮ್ಯಾಲ ಖರೇ ತೂಕ ಬರೀರಿ. ಎಡಕ್ಕೊಂದು ತೂಕ, ಬಲಕ್ಕೊಂದು ತೂಕ ಇದ್ರ ಒಂದ ಭುಜ ನೋಯೂದಕ್ಕ ಅದೂ ಒಂದು ಕಾರಣ.

ಈಗ ಎತ್ತೂ ಬಗ್ಗೆ. ನೀವು ಬರ್ದಿದ್ದರಾಗ ಮೂರು ತಪ್ಪು ಅದಾವ, ಮೂರೂ ಒಂದಕ್ಕೊಂದು ಗಂಟು ಬಿದ್ದಾವ.

ಕೈ ಹಿಡಿಯೂದರಿಂದ ಶುರು ಮಾಡ್ರಿ. ಹೆಬ್ಬೆರಳು ಸುತ್ತಲೇಬೇಕು. ಸುತ್ತದ ಹಿಡಿತದಾಗ ಬೆವರು ಬಂದು ರಾಡ್ ಒಂದು ಸೆಂಟಿಮೀಟರ್ ಉರುಳಿದ್ರ ತಡಿಲಿಕ್ಕೆ ಏನೂ ಇರೂದಿಲ್ಲ, ಸೀದಾ ಎದಿ ಮ್ಯಾಲ ಇಲ್ಲಾ ಗಂಟಲ ಮ್ಯಾಲ ಬೀಳ್ತೈತಿ. ರಾಡ್ ಬೆರಳಿನ ಬುಡದಾಗ ಕೂಡಬಾರ್ದು, ಅಂಗೈಯ ಕೆಳಗಿನ ದಪ್ಪ ಭಾಗದಾಗ, ಮಣಿಕಟ್ಟಿನ ಎಲುಬಿನ ನೆಟ್ಟಗ ಮ್ಯಾಲ ಕೂಡಬೇಕು. ಮಣಿಕಟ್ಟು ಹಿಂದಕ್ಕ ಮಡಚಿದ್ರ ಕಸುವೆಲ್ಲಾ ಅಲ್ಲೇ ಸೋರಿ ಹೋಗ್ತೈತಿ.

ಎಷ್ಟು ಅಗಲ ಹಿಡೀಬೇಕು? ರಾಡ್ ಎದಿ ಮ್ಯಾಲ ಇದ್ದಾಗ, ಕಾಲ ಕಡಿಂದ ನೋಡಿದವರಿಗೆ ಮುಂಗೈ ಕಂಬದಂಗ ನೆಟ್ಟಗ ಕಾಣಬೇಕು, ಅಷ್ಟಗಲ. ನಿಮ್ಮ ಎತ್ತರಕ್ಕ ಎರಡೂ ತೋರುಬೆರಳಿನ ನಡುವ 60 ಸೆಂಟಿಮೀಟರಿನಿಂದ ಶುರು ಮಾಡಿ ನೋಡ್ರಿ. ಒಲಿಂಪಿಕ್ ಬಾರಿಗೆ ಗುರುತಿನ ಗೆರಿ ಇರ್ತಾವ, ಲೋಕಲ್ ರಾಡಿಗೆ ಇರೂದಿಲ್ಲ. ಅದಕ್ಕ ಕರೆಂಟಿನವರು ಹಚ್ಚೂ ಬಣ್ಣದ ಟೇಪ್ ತಗೊಂಡು, ರಾಡಿನ ನಟ್ಟನಡುವ ಹಿಡಿದು ಎರಡೂ ಕಡೆ 30 ಸೆಂಟಿಮೀಟರಿಗೆ ಒಂದೊಂದು ಸುತ್ತು ಹಾಕ್ರಿ. ಕಣ್ಣಳತಿಲೆ ಹಿಡಿದ್ರ ಒಂದು ಕೈ ಎರಡು ಬೆರಳು ಆಚೆ ಹೋಗೇ ಹೋಗ್ತೈತಿ, ಆ ಕಡೆ ಭುಜಕ್ಕ ಹೆಚ್ಚು ಹೊರೆ.

ಆಮ್ಯಾಲ ಮಲಗೂದು. ಕಣ್ಣು ರಾಡಿನ ಕೆಳಗ ಬರೂ ಹಂಗ ಮಲಗ್ರಿ. ಎರಡೂ ರೆಕ್ಕೆ ಎಲುಬು (ಭುಜದ ಹಿಂದ ಬೆನ್ನ ಮ್ಯಾಲಿನ ಅಗಲ ಎಲುಬು) ಹಿಂದಕ್ಕ ಎಳೆದು, ಸೊಂಟದ ಕಡೆ ಒತ್ತಿ, ರೆಕ್ಸಿನ್‌ಗೆ ಅಂಟಿಸ್ರಿ. ಎದಿ ತಾನ ಮ್ಯಾಲ ಬರ್ತೈತಿ. ಹಳೆ ರೆಕ್ಸಿನ್ ಬೆವರಿಗೆ ಜಾರ್ತೈತಿ, ಜಾರಿದ್ರ ಈ ಬಿಗಿ ಉಳಿಯೂದಿಲ್ಲ. ಮ್ಯಾಟ್ ಕೆಳಗ ಹಾಸೂ ಜಾಳಿಗಿ ರಬ್ಬರ್ ಹಾಳಿ ಒಂದು ತುಂಡು ಹಾಸ್ರಿ, ಟವೆಲ್ ಬ್ಯಾಡ, ಟವೆಲ್ ಇನ್ನೂ ಜಾರ್ತೈತಿ. ಪಾದ ಪೂರಾ ನೆಲಕ್ಕ ಊರಬೇಕು. ಬೆಂಚ್ ಎತ್ತರ ಆಗಿ ಹಿಮ್ಮಡ ಮುಟ್ಟಲಿಲ್ಲಂದ್ರ ಕಾಲ ಕೆಳಗ ಒಂದೊಂದು ಪ್ಲೇಟ್ ಇಟ್ಕೋರಿ. ಕುಂಡಿ ಬೆಂಚಿಂದ ಏಳಬಾರ್ದು.

ಇನ್ನು ರಾಡ್ ಇಳಿಯೂ ದಾರಿ. ನಿಮ್ಮ 65 ನಾಲ್ಕು ಬೆರಳಿಗೆ ನಿಲ್ಲೂದಕ್ಕೂ ಭುಜ ಚುಚ್ಚೂದಕ್ಕೂ ಕಾರಣ ಇಲ್ಲೇ ಐತಿ. ಕಾಲರ್ ಎಲುಬಿನ ಹತ್ರ ಮುಟ್ಟಿಸಿದ್ರ ಮೊಣಕೈ ಭುಜದ ನೇರಕ್ಕ, 90 ಡಿಗ್ರಿ ಅಗಲ ಹೋಗ್ತಾವ. ರಾಡ್ ಇಳೀಬೇಕಾದ್ದು ಎದಿ ಎಲುಬಿನ ಕೆಳತುದಿ ಹತ್ರ, ಮೊಲೆತೊಟ್ಟಿಗಿಂತ ಸ್ವಲ್ಪ ಕೆಳಗ. ಆಗ ಮೊಣಕೈ ಪಕ್ಕೆಯಿಂದ 50ರಿಂದ 70 ಡಿಗ್ರಿ ಒಳಗ ಇರ್ತಾವ. ಮ್ಯಾಲ ಹೋಗೂವಾಗ ಸೀದಾ ಲಂಬಕ್ಕ ಅಲ್ಲ, ಸ್ವಲ್ಪ ಮುಖದ ಕಡೆ ಓರೆ ಆಗಿ ಹೋಗಿ ಭುಜದ ಕೀಲಿನ ಮ್ಯಾಲ ಬಂದು ನಿಲ್ಲಬೇಕು. ಭುಜದಿಂದ ರಾಡ್ ಎಷ್ಟು ದೂರ ಇರ್ತೈತೋ ಅಷ್ಟು ಹೆಚ್ಚು ಸನ್ನೆ ಭಾರ ಬೀಳ್ತೈತಿ. ಎದಿಯಿಂದ ಎದ್ದ ಕೂಡ್ಲೇ ಹಿಂದಕ್ಕ ಓರೆ ತಂದ್ರ ಆ ದೂರ ಲಗೂನ ಕಡಿಮಿ ಆಗ್ತೈತಿ.

ಉಸಿರು: ಕೈ ನೆಟ್ಟಗ ಇದ್ದಾಗ ಹೊಟ್ಟಿ ತುಂಬ ಎಳಕೊಂಡು, ಹಿಡಿದು, ಇಳಿಸಿ, ಎತ್ತಿ, ಅರ್ಧ ದಾಟಿದ ಮ್ಯಾಲ ಬಿಡ್ರಿ. ಬಿಪಿ ಹೆಚ್ಚಿದ್ದವರು ಹಿಂಗ ಉಸಿರು ಹಿಡಿಯೂ ಮೊದಲು ಡಾಕ್ಟರನ್ನ ಕೇಳಲೇಬೇಕು, ಆ ಹೊತ್ತಿಗೆ ರಕ್ತದ ಒತ್ತಡ ಭಾಳ ಏರ್ತೈತಿ.

ಕಡೀದಾಗ ಪ್ಲೇಟ್. ಎರಡೂವರಿ ಸಣ್ಣದು ಅಂದ್ರ ಎರಡೂ ಕಡೆ ಕೂಡಿ 5 ಕೆಜಿ ಜಿಗಿತ. 60ರಿಂದ 65 ಅಂದ್ರ 8 ಪರ್ಸೆಂಟಿಗಿಂತ ಹೆಚ್ಚು. ಒಂದು ವಾರದಾಗ ಯಾರ ಮೈಯೂ ಅಷ್ಟು ಕಸುವು ಗಳಿಸೂದಿಲ್ಲ. ಅರ್ಧ ಕೆಜಿ ಪ್ಲೇಟ್ ಎರಡು ಮಾಡಿಸ್ರಿ. ಹುಬ್ಬಳ್ಳಿ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನಾಗ ತಗಡು ಕತ್ತರಿಸೂ ಯಾವುದ ವರ್ಕ್‌ಶಾಪಿನಾಗ ಹೇಳಿದ್ರೂ ನಡೀತೈತಿ. 6 ಮಿಮೀ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ತಗಡು, ಹೊರಗಿನ ವ್ಯಾಸ 12 ಸೆಂಟಿಮೀಟರ್, ನಡುವಿನ ತೂತು ರಾಡಿಗಿಂತ 2–3 ಮಿಮೀ ದೊಡ್ಡದು. 25ರ ರಾಡಿಗೆ 28 ಮಿಮೀ ತೂತು ಹಾಕಿದ್ರ ತೂಕ 504 ಗ್ರಾಂ ಬರ್ತೈತಿ. ಒಲಿಂಪಿಕ್ ಬಾರ್ ಆದ್ರ ತೂತು 51 ಮಿಮೀ, ಹೊರ ವ್ಯಾಸ 12.7 ಸೆಂಟಿಮೀಟರ್. ಅಂಚು ಗ್ರೈಂಡರ್ ಹೊಡಿಸ್ರಿ, ಇಲ್ಲಾಂದ್ರ ಕೈ ಕೊಯ್ತೈತಿ.

ಬೆಟಗೇರಿ_ತಾಲೀಮು

ದಂಡದ ಬಗ್ಗೆ ನಾ ಹೇಳ್ತೀನಿ. ದಂಡಕ್ಕ ಕಡಿಮಿ ಮಾತಾಡೂ ಹಂಗಿಲ್ಲ, ಹಂಗಂತ ದಂಡ ಸಾಕು ಅನ್ನೂದೂ ಪೂರಾ ಖರೇ ಅಲ್ಲ.

ಕೈ ಊರಿ ದಂಡ ಹೊಡೆಯೂವಾಗ ಕೈಮ್ಯಾಲ ಬೀಳೂದು ಮೈತೂಕದ ಸುಮಾರು ಮೂರರಾಗ ಎರಡು ಭಾಗ. 68 ಕೆಜಿ ಆಳಿಗೆ 45 ಕೆಜಿ ಹತ್ರ. ಮೊದಲ ತಿಂಗಳು ಹತ್ತು ಹೊಡೆದವ ಆರು ತಿಂಗಳಿಗೆ ನೂರು ಹೊಡೀತಾನ, ಆದ್ರ ಭಾರ ಅಷ್ಟ ಇರ್ತೈತಿ, ಅದೇ 45. ದಮ್ಮು ಬೆಳೀತೈತಿ, ತಡಕೊಳ್ಳೂ ಶಕ್ತಿ ಬೆಳೀತೈತಿ, ಒಂದ ಏಟಿಗೆ ಹಾಕೂ ಕಸುವು ಒಂದು ಮಟ್ಟಕ್ಕ ಬಂದು ನಿಲ್ತೈತಿ. ಇದು ಗರಡಿಯವರಿಗೆ ಗೊತ್ತಿಲ್ಲದ ಮಾತಲ್ಲ. ಗೊತ್ತಿರದಿದ್ರ ಜಾತ್ರ್ಯಾಗ ಸಂಗ್ರಾಣಿ ಕಲ್ಲು ಯಾಕ ಎತ್ತಿಸ್ತಿದ್ರು, ಗುಂಡು ಯಾಕ, ಜೋಳದ ಚೀಲ ಯಾಕ? ದಂಡ, ಬಸ್ಕಿ ದಿನಾ ಮಾಡೂದು, ಕಲ್ಲು ಆವಾಗಾವಾಗ ಎತ್ತೂದು. ಹಗುರ ಭಾಳ ಸಲ, ಭಾರ ಸ್ವಲ್ಪ ಸಲ. ಬೆಂಚ್ ಪ್ರೆಸ್ ಹೊರಗಿನದು, ಆದ್ರ ಅದರ ಹಿಂದಿನ ವಿಚಾರ ನಮ್ಮ ಮಣ್ಣಿಗೆ ಹೊಸದಲ್ಲ.

ಮೈ ಬಿರುಸಾಗೂದು ಅರ್ಧಕ್ಕ ಎತ್ತವರಿಗೆ. ಹೆಚ್ಚು ಪ್ಲೇಟ್ ತೋರಿಸೂ ಸಲುವಾಗಿ ರಾಡ್ ಒಂದು ಗೇಣು ಇಳಿಸಿ ಎತ್ತತಾರಲ್ಲ, ಹಂಗ. ಎದಿಗೆ ಪೂರಾ ಮುಟ್ಟಿಸಿ, ಕೈ ಪೂರಾ ಚಾಚಿ ಎತ್ತಿದವರ ಭುಜ ಬಿಗಿಯೂದಿಲ್ಲ.

ಒಂದು ಮಾತು ಮಾತ್ರ ಜಿಮ್ಮಿನವರು ಮರೀತಾರ. ಬೆಂಚಿನ ಮ್ಯಾಲ ರೆಕ್ಕೆ ಎಲುಬು ಅಲುಗಾಡಂಗಿಲ್ಲ, ಒತ್ತಿ ಹಿಡಿದಿರ್ತೀರಿ. ದಂಡದಾಗ ಅದು ಪಕ್ಕೆಲುಬಿನ ಮ್ಯಾಲ ಹಿಂದ ಮುಂದ ಪೂರಾ ಜಾರ್ತೈತಿ, ಅದನ್ನ ಜಾರಿಸೂ ಪಕ್ಕೆ ಸ್ನಾಯುಗೆ ಬೆಂಚಿನಾಗ ಕೆಲಸ ಸಿಗೂದಿಲ್ಲ. ಅದಕ್ಕ ಬೆಂಚ್ ಮಾಡವ್ರು ದಂಡ ಬಿಡಬಾರ್ದು. ದಿನಾ ಮುಂಜಾನೆ 20 ಸಪಾಟ ದಂಡ ಮೂರು ಸಲ, ಮ್ಯಾಲ ಬಂದಾಗ ಡುಬ್ಬ ಸ್ವಲ್ಪ ಮ್ಯಾಲೆತ್ತಿ ನೆಲ ದೂಡ್ರಿ. ಬೆಂಚಿನ ದಿನಾನೂ ಬೆಂಚಿನ ಮೊದಲ ಹೊಡೀರಿ, ಮೈ ಕಾಯ್ತೈತಿ.

ಉಣಕಲ್_ರಾಡ್

ಬೆಟಗೇರಿಯವರ ಮಾತು ಎಲ್ಲಾ ಒಪ್ಪಿದೆ, ಕಡೀದೊಂದು ಬಿಟ್ಟು. ಭಾರದ ದಿನ ಬೆಂಚಿನ ಮೊದಲು 60 ದಂಡ ಹೊಡೆದ್ರ ತೋಳಿನ ಹಿಂದಿನ ಸ್ನಾಯು ಆಗಲೇ ದಣಿದಿರ್ತೈತಿ, ಎದಿಯಿಂದ ರಾಡ್ ಅರ್ಧಕ್ಕ ಬಂದು ಅಲ್ಲಿ ಕೈ ಸೋಲ್ತೈತಿ. ಮೈ ಕಾಯಿಸಲಿಕ್ಕೆ 8–10 ಸಾಕು. ಉಳಿದದ್ದು ಬೆಂಚ್ ಮುಗಿದ ಮ್ಯಾಲ, ಇಲ್ಲಾ ಹಗುರ ದಿನ.

ಕೀಲು_ಸ್ನಾಯು

ಭುಜದ ನೋವಿನ ಬಗ್ಗೆ, ಫಿಸಿಯೋಥೆರಪಿಯ ಕಡೆಯಿಂದ ಒಂದಿಷ್ಟು.

ತೋಳಿನ ಎಲುಬಿನ ತಲೆ, ಭುಜದ ಮೇಲಿನ ಎಲುಬಿನ ಚಾವಣಿ, ಇವೆರಡರ ನಡುವಿನ ಸಂದು ಬಹಳ ಕಿರಿದು. ಅದರಲ್ಲೇ ತೋಳನ್ನು ಹಿಡಿದಿಡುವ ಸ್ನಾಯುರಜ್ಜು ಹಾದು ಹೋಗುತ್ತದೆ. ಮೊಣಕೈ 90 ಡಿಗ್ರಿ ಅಗಲಿಸಿ, ಭುಜ ಮುಂದಕ್ಕೆ ಉರುಳಿದ ಸ್ಥಿತಿಯಲ್ಲಿ ಭಾರ ಇಳಿಸಿದರೆ ತಳದಲ್ಲಿ ಆ ರಜ್ಜುವಿನ ಮೇಲೂ ಬೈಸೆಪ್ಸ್‌ನ ಉದ್ದನೆಯ ರಜ್ಜುವಿನ ಮೇಲೂ ಒತ್ತಡ ಬೀಳುತ್ತದೆ. ರಾಡ್ ಎದೆಗೆ ತಾಗುವ ಹೊತ್ತಿಗೆ ಸರಿಯಾಗಿ ಮುಂದುಗಡೆ ಚುಚ್ಚುವುದು ಈ ಮಾದರಿಗೆ ಹೊಂದುತ್ತದೆ. ಆದರೆ ಪರೀಕ್ಷಿಸದೆ ಇಂಥದ್ದೇ ಎಂದು ಹೇಳಲು ಬರುವುದಿಲ್ಲ.

ಪೂರ್ತಿ ವಿಶ್ರಾಂತಿ ಬೇಕಿಲ್ಲ. ಮೂರು ವಾರ ಬೆಂಚ್ ಬಿಟ್ಟು ನೆಲದ ಮೇಲೆ ಮಲಗಿ ಪ್ರೆಸ್ ಮಾಡಿ. ಮೊಣಕೈಯ ಹಿಂಭಾಗ ನೆಲಕ್ಕೆ ತಾಗಿದ ಕೂಡಲೇ ಇಳಿತ ಅಲ್ಲಿಗೇ ನಿಲ್ಲುತ್ತದೆ, ಭುಜ ನೋಯುವ ಕೋನಕ್ಕೆ ಹೋಗುವುದೇ ಇಲ್ಲ. ಡಂಬೆಲ್ ಇದ್ದರೆ ಇನ್ನೂ ಒಳ್ಳೆಯದು, ಅಂಗೈಗಳು ಒಂದನ್ನೊಂದು ನೋಡುವಂತೆ ಹಿಡಿಯಿರಿ. ನೋವು ಹತ್ತರಲ್ಲಿ ಮೂರಕ್ಕಿಂತ ಹೆಚ್ಚಬಾರದು, ಮರುದಿನ ಬೆಳಿಗ್ಗೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಈಗಿನಂತೆ ಎರಡು ದಿನ ಉಳಿದರೆ ಭಾರ ಹೆಚ್ಚಾಯಿತು ಎಂದರ್ಥ.

ಜೊತೆಗೆ ಎಳೆಯುವ ವ್ಯಾಯಾಮ. ನಿಲ್ಲಿಸದೆ ಮಾಡುವ ಒಂದು ಸುತ್ತು ಅಂದರೆ ಒಂದು ಸೆಟ್; ದೂಡುವ ಪ್ರತಿ ಸೆಟ್‌ಗೆ ಎಳೆಯುವ ಒಂದು ಸೆಟ್ ಕನಿಷ್ಠ ಇರಲಿ. ಬಾಗಿ ನಿಂತು ರಾಡ್ ಹೊಟ್ಟೆಗೆ ಎಳೆಯುವುದು, ಕೇಬಲ್ ಇದ್ದರೆ ಹಗ್ಗವನ್ನು ಮುಖದ ಎತ್ತರಕ್ಕೆ ಎಳೆಯುವುದು, 3 ಸೆಟ್, 12–15 ಸಲ. ವಾರಕ್ಕೊಮ್ಮೆ ಎದೆ, ವಾರಕ್ಕೊಮ್ಮೆ ತೋಳು ಎಂದು ಮಾಡಿ ಬೆನ್ನನ್ನು ಮರೆಯುವ ಹುಡುಗರಲ್ಲಿ ಭುಜ ಮುಂದಕ್ಕೆ ಬಾಗಿರುವುದನ್ನು ಬಾಗಿಲಲ್ಲೇ ಗುರುತಿಸಬಹುದು.

ಕಾಯದೆ ವೈದ್ಯರ ಹತ್ತಿರ ಹೋಗಬೇಕಾದ ಲಕ್ಷಣಗಳಿವೆ: ರಾತ್ರಿ ಆ ಮಗ್ಗುಲಾಗಿ ಮಲಗಲು ಆಗದಿರುವುದು, ತೋಳು ಪಕ್ಕಕ್ಕೆ ಎತ್ತಲು ಬಲವೇ ಬಾರದಿರುವುದು, ಬೆರಳ ತನಕ ಜುಮುಗುಡುವುದು. ರಾಡ್ ಇಳಿಸುವಾಗ "ಪಟ್" ಎಂದು ಸದ್ದಾಗಿ ಕಂಕುಳ ಮುಂಭಾಗದ ಮಡಿಕೆ ತಗ್ಗಾಗಿ ಅಲ್ಲಿ ನೀಲಿಗಟ್ಟಿದರೆ ಎದೆಯ ಸ್ನಾಯು ಹರಿದಿರುವ ಸಾಧ್ಯತೆ ಇದೆ. ಅದೇ ದಿನ ಹೋಗಬೇಕು, ತಿಂಗಳು ಬಿಟ್ಟು ಹೋದರೆ ಶಸ್ತ್ರಚಿಕಿತ್ಸೆಯಲ್ಲಿ ಜೋಡಿಸುವುದು ಕಷ್ಟವಾಗುತ್ತದೆ.

ವರದಾ_ತೀರ_ಹಾವೇರಿ

ಎಲ್ಲಾರೂ ಚಲೋ ಹೇಳ್ಯಾರ, ಆದ್ರ ಜೀವಕ್ಕ ಅಪಾಯ ಇರೂ ಮಾತು ಒಂದು ಉಳಿದೈತಿ: ಒಬ್ಬರ ಬೆಂಚ್ ಮಾಡೂದು, ಪಿನ್ ಇಲ್ಲದ ಬೆಂಚಿನ ಮ್ಯಾಲ.

ಒಬ್ಬರ ಇದ್ದಾಗ ಪ್ಲೇಟ್ ಜಾರದಂಗ ರಾಡಿನ ತುದಿಗೆ ಹಚ್ಚೂ ಲಾಕ್ ಹಾಕಬ್ಯಾಡ್ರಿ. ರಾಡ್ ಎದಿ ಮ್ಯಾಲ ನಿಂತ್ರ ಒಂದು ಕಡೆ ವಾಲಿಸಿ ಪ್ಲೇಟ್ ಕೆಡವಬಹುದು. ಒಂದು ಕಡೆ ಖಾಲಿ ಆದ ಕೂಡ್ಲೇ ಇನ್ನೊಂದು ಕಡೆ ರಭಸಲೆ ಬೀಳ್ತೈತಿ, ಹಂಗಾಗಿ ಬಾಜೂಕ ಯಾರೂ, ಏನೂ ಇರಬಾರ್ದು. ಭಾರ ಕಡಿಮಿ ಇದ್ರ ರಾಡನ್ನ ಹೊಟ್ಟಿ ಮ್ಯಾಲಿಂದ ತೊಡಿ ಕಡೆ ಉರುಳಿಸಿ ಎದ್ದು ಕೂಡಬಹುದು, ಆದ್ರ ಭಾರ ಹೆಚ್ಚಾದ್ರ ಹೊಟ್ಟಿಗೆ ಪೆಟ್ಟು. ಇವು ಎರಡೂ ಸಿಕ್ಕಿಬಿದ್ದಾಗ ಪಾರಾಗೂ ದಾರಿ, ದಿನಾ ಮಾಡೂ ಕೆಲಸ ಅಲ್ಲ. ಮುಂಜಾನೆ ಐದೂವರಿಗೆ ಯಾರೂ ಇಲ್ಲಂದ್ರ ಭಾರದ ಸೆಟ್ ಮಾಡಲೇಬಾರ್ದು. ಅವತ್ತು ಡಂಬೆಲ್ ಇಲ್ಲಾ ಫಿಸಿಯೋದವರು ಹೇಳಿದ ನೆಲದ ಪ್ರೆಸ್.

ಜಿಮ್ಮಿನಾಗ ರಾಡ್ ಇಡೂ ಕಂಬದ ಚೌಕಟ್ಟು, ಅಂದ್ರ ಸ್ಕ್ವಾಟ್ ರ‍್ಯಾಕ್ ಇದ್ರ ಬೆಂಚನ್ನ ಅದರೊಳಗ ಎಳಕೋರಿ. ಪಿನ್ನಿನ ಎತ್ತರ ಹಿಂಗ ನೋಡ್ರಿ: ಎದಿ ಎತ್ತಿ ಬರೋಬ್ಬರಿ ಮಲಗಿದಾಗ ರಾಡ್ ಎದಿಗೆ ಮೊದಲು ಮುಟ್ಟಬೇಕು, ಪಿನ್ ಒಂದೆರಡು ಸೆಂಟಿಮೀಟರ್ ಕೆಳಗ ಇರಬೇಕು. ಉಸಿರು ಬಿಟ್ಟು ಎದಿ ಇಳಿಸಿದ್ರ ರಾಡ್ ಪಿನ್ ಮ್ಯಾಲ ಕೂಡಬೇಕು. ಖಾಲಿ ರಾಡಿನಿಂದ ಎರಡು ಸಲ ಪರೀಕ್ಷೆ ಮಾಡಿ, ಆಮ್ಯಾಲ ಪ್ಲೇಟ್ ಹಾಕ್ರಿ.

ಸಪೋರ್ಟಿಗೆ ನಿಂತವರಿಗೆ ಮೊದಲ ಹೇಳಿಡ್ರಿ: ಎಷ್ಟು ಸಲ ಎತ್ತವ್ರು, ಹುಕ್ಕಿನಿಂದ ತೆಗೀಲಿಕ್ಕೆ ಕೈ ಬೇಕೋ ಬ್ಯಾಡೋ, ಯಾವಾಗ ಹಿಡೀಬೇಕು. ರಾಡ್ ಕೆಳಗ ಹೊಳ್ಳಲಿಕ್ಕೆ ಹತ್ತಿದ ಮ್ಯಾಲ ಮಾತ್ರ ಹಿಡೀಬೇಕು. ನಮ್ಮ ಜಿಮ್ಮುಗಳಾಗ ಮೊದಲ ಸಲದಿಂದ ಎರಡು ಬೆರಳು ಕೆಳಗ ಹಚ್ಚಿ "ಎಲ್ಲಾ ನಿಂದ, ಎಲ್ಲಾ ನಿಂದ" ಅಂತ ಕೂಗ್ತಾರ. ಆ ಎರಡು ಬೆರಳು ಐದಾರು ಕೆಜಿ ಎತ್ತತಾವ. ಎತ್ತಿದವ ಅದನ್ನ ತನ್ನ ಲೆಕ್ಕಕ್ಕ ಬರಕೊಂಡು, ಮುಂದಿನ ವಾರ ಒಬ್ಬನ ಎತ್ತಲಿಕ್ಕೆ ಹೋಗಿ ಸಿಕ್ಕೊಳ್ತಾನ. ಬೆರಳು ಹಚ್ಚಿದ ಸಲ ಲೆಕ್ಕಕ್ಕಿಲ್ಲ ಅಂತ ಪಟ್ಟು ಹಿಡೀರಿ.

ಉಣಕಲ್_ರಾಡ್

ಎರಡನೇ ಪ್ರಶ್ನೆ ಉಳದೈತಿ, "30 ಕೆಜಿ ಇಪ್ಪತ್ತು ಸಲ ಸಾಕಾಗೂದಿಲ್ಲೇನು" ಅಂತ. ಎದಿ ದಪ್ಪ ಆಗೂದಷ್ಟ ಬೇಕಂದ್ರ ನಡೀತೈತಿ. 5 ಸಲ ಎತ್ತೂ ಭಾರದಿಂದ ಹಿಡಿದು 30 ಸಲ ಎತ್ತೂ ಭಾರದ ತನಕ, ಇನ್ನೊಂದೆರಡು ಸಲ ಮಾತ್ರ ಆಗ್ತಿತ್ತು ಅನ್ನೂ ತನಕ ಎತ್ತಿದ್ರ ಸ್ನಾಯು ಬೆಳೀತೈತಿ. ಆದ್ರ ಕಸುವು ಬ್ಯಾರೆ. ನರ ಸ್ನಾಯುವಿನ ಎಳೆಗಳನ್ನ ಗುಂಪು ಗುಂಪಾಗಿ ಎಬ್ಬಿಸ್ತೈತಿ, ಸಣ್ಣ ಗುಂಪು ಮೊದಲು, ದೊಡ್ಡ ಗುಂಪು ಕಡೀಕ. ಶರೀರಶಾಸ್ತ್ರಜ್ಞ ಎಲ್ವುಡ್ ಹೆನ್ನೆಮನ್ ತೋರಿಸಿಕೊಟ್ಟ ನಿಯಮ ಇದು. ಹಗುರ ಭಾರದಾಗ ದೊಡ್ಡ ಗುಂಪು ದಣಿವಿನ ಕಡೀ ನಾಲ್ಕು ಸಲಕ್ಕ ಮಾತ್ರ ಏಳ್ತಾವ, ಅದೂ ಸಾವಕಾಶ. ನಿಮ್ಮ ಗರಿಷ್ಠದ, ಅಂದ್ರ ಒಂದ ಸಲ ಮಾತ್ರ ಎತ್ತಲಿಕ್ಕಾಗೂ ಭಾರದ, 80–85 ಪರ್ಸೆಂಟ್ ಹಾಕಿದ್ರ ಮೊದಲ ಸಲದಿಂದ ಎಲ್ಲಾ ಏಳಬೇಕಾಗ್ತೈತಿ. ಒಟ್ಟಿಗೆ ಎಬ್ಬಿಸೂದನ್ನ ನರ ಕಲೀತೈತಿ, ಹಗುರದಿಂದ ಆ ಪಾಠ ಸಿಗೂದಿಲ್ಲ. ಅದಕ್ಕ ಮೈತೂಕ ಒಂದು ಕಿಲೋ ಏರದನೂ 10 ಕೆಜಿ ಹೆಚ್ಚು ಎತ್ತವ್ರು ಇರ್ತಾರ.

ಎಲುಬಿಗೂ ಅಷ್ಟ. ಎಲುಬು ಗಟ್ಟಿ ಆಗೂದು ಅದು ಬಾಗೂವಷ್ಟು ಹೊರೆ ಬಿದ್ದಾಗ. ವಯಸ್ಸಾದಂಗ ಸ್ನಾಯುನೂ ಎಲುಬೂ ಕರಗ್ತಾವ, ಹೆಂಗಸರಿಗೆ ಮುಟ್ಟು ನಿಂತ ಮ್ಯಾಲ ಇನ್ನೂ ಲಗೂ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರೆಲ್ಲಾರಿಗೂ ವಾರಕ್ಕ ಎರಡು ದಿನ ಸ್ನಾಯು ಬಲದ ವ್ಯಾಯಾಮ ಹೇಳೂದು ಇದಕ್ಕ. "ಭಾರ" ಅಂದ್ರ 100 ಕೆಜಿ ಅಂತಲ್ಲ. ಐದು ಸಲಕ್ಕಿಂತ ಹೆಚ್ಚು ಎತ್ತಲಿಕ್ಕೆ ಆಗದ್ದು ಯಾವುದೋ ಅದು ನಿಮಗ ಭಾರ. 55 ವಯಸ್ಸಿನ ತಾಯಿಗೆ ಅದು 15 ಕೆಜಿ ಇರಬಹುದು, ಅವರಿಗೂ ಅಷ್ಟ ಫಾಯದೆ.

ರಾಡಿನ ಖರೇ ತೂಕ ಹೇಳ್ರಿ, ಲೆಕ್ಕ ಹಾಕಿ ಕೊಡ್ತೀನಿ.

ಸಾಧನಕೇರಿ_68

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರಿ. ಕಾಟಾಕ್ಕ ಹಾಕಿದೆ. ರಾಡ್ 7 ಅಡಿ, 28 ಮಿಮೀ, 10.4 ಕೆಜಿ. "20" ಅಂತ ಬರೆದ ಪ್ಲೇಟ್ ಒಂದು 19.2, ಇನ್ನೊಂದು 20.6. ಅಂದ್ರ 60 ಅಂತ ತಿಳಕೊಂಡಿದ್ದು 50.2, ಮತ್ತ ಹೆಚ್ಚು ತೂಕದ್ದು ಯಾವಾಗ್ಲೂ ಬಲಗಡೆ ಇರ್ತಿತ್ತು. ಖಾಲಿ ರಾಡಿನಿಂದ ಎದಿ ಕೆಳತುದಿಗೆ ಮುಟ್ಟಿಸಿ ನೋಡಿದೆ, ಚುಚ್ಚೂದಿಲ್ಲ.

ಉಣಕಲ್_ರಾಡ್

ಬಲಭುಜ ಯಾಕ ಅಂತ ಅರ್ಧ ಉತ್ತರ ಅಲ್ಲೇ ಸಿಕ್ತು. ಒಂದೂವರಿ ಕಿಲೋ ವ್ಯತ್ಯಾಸ ಸಣ್ಣದಲ್ಲ. 65 ಯಾಕ ಏಳಲಿಲ್ಲ ಅನ್ನೂದೂ ಈಗ ಸ್ಪಷ್ಟ: 50ರಿಂದ 55, ಒಂದ ಜಿಗಿತಕ್ಕ 10 ಪರ್ಸೆಂಟ್.

ಮೊದಲ ಮೂರು ವಾರ ನೆಲದ ಪ್ರೆಸ್, ಫಿಸಿಯೋದವರು ಹೇಳಿದಂಗ. ಆಮ್ಯಾಲ ವಾರಕ್ಕ ಎರಡು ದಿನ, ನಡುವ ಎರಡು ದಿನ ಬಿಟ್ಟು, ಅಂದ್ರ ಸೋಮವಾರ ಮತ್ತ ಗುರುವಾರ. ವಾರಕ್ಕ ಒಂದ ಸಲ ಮಾಡಿದ್ರ ಕಲಿತದ್ದು ಮರ್ತು ಹೋಗ್ತೈತಿ.

ಸೋಮವಾರ ಭಾರ, ಸಪೋರ್ಟ್ ಇರೂ ಹೊತ್ತಿನಾಗ. ಖಾಲಿ ರಾಡ್ 10 ಸಲ, 20 ಕೆಜಿ 5, 30 ಕೆಜಿ 4, 35 ಕೆಜಿ 2. ಆಮ್ಯಾಲ 40 ಕೆಜಿ, 5 ಸೆಟ್, ಸೆಟ್ಟಿಗೆ 4 ಸಲ. ಸೆಟ್ ನಡುವ 3ರಿಂದ 4 ನಿಮಿಷ ಗಡಿಯಾರ ನೋಡಿ ಕೂಡ್ರಿ. ಒಂದು ನಿಮಿಷಕ್ಕ ಎದ್ದು ಎತ್ತಿದ್ರ ಅದು ದಮ್ಮಿನ ಕಸರತ್ತು ಆಗ್ತೈತಿ. ಕೊನೀ ಸಲದಾಗ ಇನ್ನೂ ಒಂದೆರಡು ಎತ್ತಬಹುದಿತ್ತು ಅನ್ನಿಸಬೇಕು, ಮುಖ ಕೆಂಪಗಾಗಿ ನಡುಗಿದ್ರ ಭಾರ ಹೆಚ್ಚಾಗೈತಿ ಅಂತ. ಅರ್ಧ ಕೆಜಿ ಪ್ಲೇಟ್ ಹಾಕಿ ವಾರಕ್ಕ 1 ಕೆಜಿ ಏರಿಸ್ರಿ. ನಿಮ್ಮ ರಾಡ್ 28 ಮಿಮೀ ಇರೂದ್ರಿಂದ ಪ್ಲೇಟಿನ ತೂತು 31 ಮಿಮೀ ಹೇಳ್ರಿ, ತೂಕ ಐದು ಗ್ರಾಂ ಹೆಚ್ಚು ಕಡಿಮಿ ಅಷ್ಟ.

ಗುರುವಾರ ಹಗುರ: 32 ಕೆಜಿ, 4 ಸೆಟ್, 8 ಸಲ. ಪ್ರತಿ ಸಲ ರಾಡ್ ಎದಿ ಮ್ಯಾಲ ಪೂರಾ ನಿಲ್ಲಿಸಿ, ಮನಸಿನಾಗ ಎರಡು ಎಣಿಸಿ, ಎತ್ರಿ. ಎದಿ ಮ್ಯಾಲ ಪುಟಿಸಿ ಎತ್ತೂ ಚಟ ಇದರಿಂದ ಹೋಗ್ತೈತಿ. ಬೆಟಗೇರಿಯವರ ದಂಡ ಅವತ್ತ ಹೊಡೀರಿ, ಬೆಂಚ್ ಮುಗಿದ ಮ್ಯಾಲ.

ನಾಲ್ಕು ಸಲ ಆಗದಿದ್ದ ವಾರ ಅದೇ ಭಾರ ಮತ್ತೊಮ್ಮೆ. ಎರಡು ವಾರ ಕೂಡಿ ಆಗಲಿಲ್ಲಂದ್ರ ಮೂರು ಸಲಕ್ಕ ಇಳೀರಿ. ಆರನೇ ವಾರ 35 ಕೆಜಿ, 3 ಸೆಟ್, 5 ಸಲ, ಅಷ್ಟ. ಸ್ನಾಯುಗಿಂತ ರಜ್ಜು ಗಟ್ಟಿ ಆಗೂದು ಭಾಳ ಸಾವಕಾಶ, ಆ ಹಗುರ ವಾರ ಅವುಕ್ಕ ಬೇಕು. ಗರಿಷ್ಠ ಎಷ್ಟಾತು ಅಂತ ಪ್ರತಿ ವಾರ ಎತ್ತಿ ನೋಡಬ್ಯಾಡ್ರಿ, ಲೆಕ್ಕ ಹಾಕ್ರಿ: ಎಷ್ಟು ಸಲ ಎತ್ತಿದ್ರಿ ಅನ್ನೂದನ್ನ 30ರಿಂದ ಭಾಗಿಸಿ, ಒಂದು ಕೂಡಿಸಿ, ಭಾರಕ್ಕ ಗುಣಿಸ್ರಿ. 45 ಕೆಜಿ 5 ಸಲ ಬಂದ್ರ ಗರಿಷ್ಠ 52.5 ಹತ್ರ.

ಊಟದ ಬಗ್ಗೆ ನೀವು ಕೇಳಿಲ್ಲ, ಆದ್ರೂ ಒಂದು ಮಾತು. 68 ಕೆಜಿಗೆ ದಿನಕ್ಕ 105–110 ಗ್ರಾಂ ಪ್ರೊಟೀನ್ ಬೇಕು. ಬರೇ ರೊಟ್ಟಿ ಬದನಿಕಾಯಿ ಪಲ್ಲೆದಾಗ ಅದರ ಅರ್ಧನೂ ಆಗೂದಿಲ್ಲ. ನಾಲ್ಕು ತತ್ತಿ 24, ಅರ್ಧ ಲೀಟರ್ ಹಾಲು 16, 50 ಗ್ರಾಂ ಶೇಂಗಾ 12, 50 ಗ್ರಾಂ ಬ್ಯಾಳಿ 11, ಇನ್ನೊಂದು 50 ಗ್ರಾಂ ಮಡಿಕಿ ಕಾಳೋ ಹೆಸರು ಕಾಳೋ 12, ಒಂದು ಬಟ್ಟಲ ಮೊಸರು 6, ನಾಲ್ಕು ಜೋಳದ ರೊಟ್ಟಿ 20ರ ಮ್ಯಾಲ. ಮನಿ ಊಟದಾಗ ಆಗ್ತೈತಿ, ಡಬ್ಬಿ ಪುಡಿ ಕಡ್ಡಾಯ ಅಲ್ಲ.

ಸಾಧನಕೇರಿ_68

ಬರಕೊಂಡೆ. ಇನ್ನೊಂದು ಕೇಳ್ತೀನಿ: ಬರೇ ಬೆಂಚ್ ಪ್ರೆಸ್ಸಿನ ಸ್ಪರ್ಧೆನೂ ಇರ್ತಾವ ಅಂತ ಕೇಳೀನಿ. ಮುಂದ ಯಾವಾಗರೆ ಹೋಗೂ ವಿಚಾರ ಬಂದ್ರ ಈಗಿಂದ ಯಾವ ರೂಢಿ ಮಾಡ್ಕೋಬೇಕು?

ವರದಾ_ತೀರ_ಹಾವೇರಿ

ಇರ್ತಾವ. ಅಂಗವಿಕಲರ ಪ್ಯಾರಾ ಪವರ್‌ಲಿಫ್ಟಿಂಗಿನಾಗಂತೂ ಇರೂದ ಬೆಂಚ್ ಪ್ರೆಸ್ ಒಂದ. 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸಿನಾಗ ರಾಜಿಂದರ್ ಸಿಂಗ್ ರಹೇಲು 56 ಕೆಜಿ ವರ್ಗದಾಗ 157.5 ಕೆಜಿ ಎತ್ತಿ ಕಂಚು ತಂದ್ರು, ಕಾಲಿನ ಬಲ ಒಂದು ಚೂರೂ ಇಲ್ಲದ, ಬೆಂಚಿನ ಮ್ಯಾಲ ಕಾಲು ಚಾಚಿ. ಬೆನ್ನು, ಭುಜ, ಕೈ ಬರೋಬ್ಬರಿ ಕೂಡಿದ್ರ ಎಷ್ಟು ಏಳ್ತೈತಿ ಅನ್ನೂದಕ್ಕ ಅದಕ್ಕಿಂತ ದೊಡ್ಡ ಪುರಾವೆ ಇಲ್ಲ.

ನಿಮ್ಮ ಸ್ಪರ್ಧೆಗೆ ಬಂದ್ರ: ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಷನ್ ನಿಯಮದಾಗ 66 ಮತ್ತ 74 ಕೆಜಿ ವರ್ಗ ಅದಾವ, 68 ಇದ್ರ ನೀವು 74ಕ್ಕ ಬರ್ತೀರಿ. 2 ಕಿಲೋ ಇಳಿಸಿ 66ಕ್ಕ ಹೋಗೂ ಗೊಡವಿಗೆ ಮೊದಲ ಸಲ ಹೋಗಬ್ಯಾಡ್ರಿ. ಹೆಬ್ಬೆರಳು ಸುತ್ತೂದು ಅಲ್ಲಿ ಕಡ್ಡಾಯ. ತೋರುಬೆರಳುಗಳ ನಡುವಿನ ಅಂತರ 81 ಸೆಂಟಿಮೀಟರ್ ಮೀರಬಾರ್ದು. ತಲೆ, ಭುಜ, ಕುಂಡಿ ಬೆಂಚಿನ ಮ್ಯಾಲ, ಪಾದ ಪೂರಾ ನೆಲದ ಮ್ಯಾಲ. 2023ರಿಂದ ಇನ್ನೊಂದು ಸೇರೈತಿ: ರಾಡ್ ಎದಿ ಮ್ಯಾಲ ಇದ್ದಾಗ ಮೊಣಕೈಯ ಕೆಳಭಾಗ ಭುಜದ ಕೀಲಿನ ಮೇಲ್ಭಾಗದ ಮಟ್ಟಕ್ಕ ಇಲ್ಲಾ ಅದಕ್ಕಿಂತ ಕೆಳಗ ಬರಬೇಕು. ಡುಬ್ಬ ಭಾಳ ಬಿಲ್ಲಿನಂಗ ಬಾಗಿಸಿ ಒಂದು ಗೇಣು ಎತ್ತೂದು ಈಗ ನಡೆಯೂದಿಲ್ಲ.

ಮೂರು ಅವಕಾಶ. ಮೊದಲನೇದು ಜಿಮ್ಮಿನಾಗ ಮೂರು ಸಲ ಆರಾಮ ಎತ್ತೂ ಭಾರ ಇರಲಿ. ತೀರ್ಪುಗಾರರು ಮೂರು ಮಾತು ಹೇಳ್ತಾರ: "ಸ್ಟಾರ್ಟ್" ಅಂದ ಮ್ಯಾಲ ಇಳಿಸೂದು, ರಾಡ್ ಎದಿ ಮ್ಯಾಲ ಅಲುಗದ ನಿಂತ ಮ್ಯಾಲ "ಪ್ರೆಸ್" ಅಂತಾರ, ಆಗ ಎತ್ತೂದು, ಕೈ ನೆಟ್ಟಗಾಗಿ ನಿಂತಾಗ "ರ‍್ಯಾಕ್" ಅಂತಾರ, ಆಗ ಇಡೂದು. ಗುರುವಾರದ ಸೆಟ್ಟಿನಾಗ ಬಾಜೂಕ ನಿಂತವರಿಂದ ಈ ಮೂರೂ ಹೇಳಿಸಿಕೊಂಡು ಎತ್ರಿ, ಎದಿ ಮ್ಯಾಲ ನಿಲ್ಲೂ ಹೊತ್ತನ್ನ ಅವರು ಒಮ್ಮೆ ಒಂದು ಸೆಕೆಂಡ್, ಒಮ್ಮೆ ಮೂರು ಸೆಕೆಂಡ್ ಮಾಡಲಿ. ಹೊಸಬರದು ಹೆಚ್ಚಾಗಿ ಹೋಗೂದು ಕಸುವು ಸಾಲದ ಅಲ್ಲ, ರಾಡ್ ಪೂರಾ ಎತ್ತಿ ಖುಷಿಲೆ "ರ‍್ಯಾಕ್" ಅನ್ನೂ ಮೊದಲ ಹುಕ್ಕಿಗೆ ಇಟ್ಟುಬಿಡ್ತಾರ. ಕೆಂಪು ದೀಪ ಹತ್ತತೈತಿ, ಅಂದ್ರ ಎತ್ತಿದ್ದು ಲೆಕ್ಕಕ್ಕಿಲ್ಲ.